ನೆರೆಮನೆಯ ಆಕ್ರಮಣಕಾರಿ ಸಾಕುನಾಯಿ: ಗಜೇಂದ್ರಗಡದ ನಾಗರಿಕರು ಕೈಗೊಳ್ಳಬಹುದಾದ ಕ್ರಮಗಳು

ಪೀಠಿಕೆ

ಮನೆ ಕಾಯಲು ನಾಯಿ ಸಾಕುವುದು ಗಜೇಂದ್ರಗಡ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಹಿಂದಿನಿಂದಲೂ ನಡೆದುಬಂದ ರೂಢಿ. ಕುರಿಹಟ್ಟಿಗೂ ಹೊಲದ ಗುಡಿಸಲಿಗೂ ನಾಯಿ ಅವಶ್ಯ. ಆದರೆ ಗೋಡೆಗೆ ಗೋಡೆ ತಾಗಿದ ಮನೆಗಳಿರುವ ನೇಕಾರರ ಓಣಿಯಲ್ಲಿ ಅದೇ ನಾಯಿ ಹಗ್ಗ ಹರಿದುಕೊಂಡು ಅಥವಾ ತೆರೆದಿಟ್ಟ ಬಾಗಿಲಿನಿಂದ ಹೊರಬಂದರೆ ಶಾಲೆಗೆ ಹೋಗುವ ಮಕ್ಕಳು, ನೀರು ತರುವ ಮಹಿಳೆಯರು ಹಾಗೂ ವೃದ್ಧರು ಅಪಾಯಕ್ಕೆ ಗುರಿಯಾಗುತ್ತಾರೆ. ಇಂತಹ ಸಂದರ್ಭದಲ್ಲಿ ಯಾರಿಗೆ ದೂರು ನೀಡಬೇಕು, ಯಾವ ದಾಖಲೆ ಇಟ್ಟುಕೊಳ್ಳಬೇಕು ಮತ್ತು ಕಾನೂನು ಏನು ಹೇಳುತ್ತದೆ ಎಂಬ ಮಾಹಿತಿಯನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ನೀಡಲಾಗಿದೆ.

1. ಸಾಕುನಾಯಿ ಮತ್ತು ಬೀದಿನಾಯಿ: ದೂರಿನ ದಾರಿ ಬೇರೆ

ದೂರು ನೀಡುವ ಮೊದಲು ನಾಯಿಗೆ ಮಾಲೀಕರು ಇದ್ದಾರೆಯೇ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಬೀದಿನಾಯಿಗಳ ಸಂತಾನಹರಣ ಚಿಕಿತ್ಸೆ ಹಾಗೂ ಲಸಿಕೆಯ ಹೊಣೆಯನ್ನು ಪ್ರಾಣಿ ಜನನ ನಿಯಂತ್ರಣ ನಿಯಮಗಳು, 2023ರ ಪ್ರಕಾರ ಸ್ಥಳೀಯ ಸಂಸ್ಥೆಯು ಹೊರುತ್ತದೆ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ ಮುಂತಾದ ಆವರಣಗಳಲ್ಲಿನ ನಾಯಿಗಳ ಬಗ್ಗೆ ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರ್ 7ರಂದು ನೀಡಿದ ಆದೇಶವೂ ಬೀದಿನಾಯಿಗಳಿಗೆ ಸಂಬಂಧಿಸಿದ್ದು.

ಸಾಕುನಾಯಿಯ ವಿಷಯ ಹಾಗಲ್ಲ. ಅದರ ಲಸಿಕೆ, ಸಂತಾನಹರಣ ಮತ್ತು ಹತೋಟಿ ಮಾಲೀಕರ ಜವಾಬ್ದಾರಿ. ಅನೇಕ ಪ್ರಕರಣಗಳಲ್ಲಿ ನಾಯಿ ಕಚ್ಚಿದ ಮೇಲೆ "ಅದು ನಮ್ಮದಲ್ಲ, ಓಣಿಯ ನಾಯಿ" ಎಂಬ ಉತ್ತರ ಬರುವುದುಂಟು. ಆದ್ದರಿಂದ ನಾಯಿಯನ್ನು ಯಾರು ಕಟ್ಟಿಹಾಕುತ್ತಾರೆ, ದಿನವೂ ಅನ್ನ ಹಾಕುವವರು ಯಾರು, ರಾತ್ರಿ ಅದು ಯಾರ ಅಂಗಳದಲ್ಲಿ ಮಲಗುತ್ತದೆ, ಪಶು ಆಸ್ಪತ್ರೆಯ ಲಸಿಕಾ ಚೀಟಿ ಯಾರ ಹೆಸರಿನಲ್ಲಿದೆ ಎಂಬ ಅಂಶಗಳನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆಯುವುದು ಅವಶ್ಯ.

2. ನಾಯಿ ಕಚ್ಚಿದಲ್ಲಿ ಮೊದಲ ಕರ್ತವ್ಯ

ದೂರು, ವಾದ-ವಿವಾದ ಎಲ್ಲವೂ ನಂತರದ ಮಾತು. ರೇಬೀಸ್ ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಜೀವ ಉಳಿಯುವುದು ಬಹುತೇಕ ಅಸಾಧ್ಯ. ಆದರೆ ಸಕಾಲದಲ್ಲಿ ಚಿಕಿತ್ಸೆ ಪಡೆದಲ್ಲಿ ಈ ರೋಗವನ್ನು ತಡೆಯಬಹುದಾಗಿದೆ.

ಅ) ಗಾಯವನ್ನು ಕೂಡಲೇ ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷಗಳ ಕಾಲ ತೊಳೆಯಬೇಕು.

ಆ) ಸುಣ್ಣ, ಖಾರದ ಪುಡಿ, ಅರಿಶಿನ, ಎಣ್ಣೆ, ಸೊಪ್ಪಿನ ರಸ ಇತ್ಯಾದಿಗಳನ್ನು ಹಚ್ಚಬಾರದು. ಗಾಯಕ್ಕೆ ಬಿಗಿಯಾಗಿ ಬಟ್ಟೆ ಕಟ್ಟಬಾರದು.

ಇ) ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಚರ್ಮದೊಳಗೆ ನೀಡುವ ಲಸಿಕೆಯನ್ನು ಮೊದಲ ದಿನ ಅಂದರೆ 0ನೇ ದಿನ ಮತ್ತು ನಂತರ 3, 7 ಹಾಗೂ 28ನೇ ದಿನಗಳಂದು ಹಾಕಲಾಗುತ್ತದೆ. ಹೊಟ್ಟೆಗೆ 14 ಚುಚ್ಚುಮದ್ದು ಹಾಕುವ ಪದ್ಧತಿ ಈಗ ಇಲ್ಲ.

ಈ) ರಕ್ತ ಬಂದಂತಹ ಗಾಯವಾಗಿದ್ದಲ್ಲಿ ಲಸಿಕೆಯ ಜೊತೆಗೆ ಗಾಯದ ಸುತ್ತ ರೇಬೀಸ್ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದು ಸಹ ಅಗತ್ಯ. ಇದನ್ನು ವೈದ್ಯರಲ್ಲಿ ಕೇಳಿ ತಿಳಿದುಕೊಳ್ಳಬೇಕು. ಮುಖ, ತಲೆ ಮತ್ತು ಕೈಗಳ ಗಾಯಗಳಲ್ಲಿ, ವಿಶೇಷವಾಗಿ ಮಕ್ಕಳ ವಿಷಯದಲ್ಲಿ, ಸ್ವಲ್ಪವೂ ವಿಳಂಬ ಸಲ್ಲದು.

ಉ) ನಾಯಿಯನ್ನು ಕೊಲ್ಲದೆ, ಕಟ್ಟಿಹಾಕಿ 10 ದಿನ ಗಮನಿಸುವಂತೆ ಮಾಲೀಕರಿಗೆ ತಿಳಿಸಬೇಕು. 10 ದಿನಗಳ ನಂತರವೂ ನಾಯಿ ಆರೋಗ್ಯವಾಗಿದ್ದಲ್ಲಿ, ಕಚ್ಚಿದ ಸಮಯದಲ್ಲಿ ಅದರ ಜೊಲ್ಲಿನಲ್ಲಿ ರೋಗಾಣು ಇರಲಿಲ್ಲವೆಂದು ತಿಳಿಯಬಹುದು. ಆದರೆ ಈ ಫಲಿತಾಂಶಕ್ಕಾಗಿ ಕಾಯುತ್ತಾ ಚಿಕಿತ್ಸೆಯನ್ನು ಮುಂದೂಡಬಾರದು. "ನಮ್ಮ ನಾಯಿಗೆ ಲಸಿಕೆ ಆಗಿದೆ" ಎಂಬ ಮಾಲೀಕರ ಮಾತಿನ ಮೇಲೆ ಚಿಕಿತ್ಸೆ ಬಿಡುವುದೂ ಸರಿಯಲ್ಲ. ಮುಂದಿನ ಚುಚ್ಚುಮದ್ದುಗಳ ಬಗ್ಗೆ ವೈದ್ಯರೇ ತೀರ್ಮಾನಿಸುತ್ತಾರೆ.

ಆಸ್ಪತ್ರೆಯ ಹೊರರೋಗಿ ಚೀಟಿ ಮತ್ತು ಲಸಿಕಾ ಕಾರ್ಡನ್ನು ಜೋಪಾನವಾಗಿ ಇಡಬೇಕು. ಮುಂದಿನ ಎಲ್ಲ ಕ್ರಮಗಳಿಗೂ ಇವೇ ಮೂಲ ದಾಖಲೆಗಳು.

3. ಕಚ್ಚುವ ಮುನ್ನವೇ ಕ್ರಮ ಸಾಧ್ಯ

"ಕಚ್ಚಿದ ಮೇಲೆ ಬನ್ನಿ" ಎಂಬ ಮಾತನ್ನು ನಾಗರಿಕರು ಒಪ್ಪಬೇಕಾಗಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 291ರ ಪ್ರಕಾರ, ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯ ಆಗುವ ಸಂಭವವಿದ್ದು, ಅದನ್ನು ತಡೆಯಲು ಸಾಕಷ್ಟು ಎಚ್ಚರಿಕೆಯನ್ನು ತಿಳಿದೂ ಅಥವಾ ನಿರ್ಲಕ್ಷ್ಯದಿಂದ ವಹಿಸದಿರುವುದೇ ಅಪರಾಧ. ಇದಕ್ಕೆ 6 ತಿಂಗಳವರೆಗೆ ಕಾರಾಗೃಹವಾಸ ಅಥವಾ 5,000 ರೂಪಾಯಿಗಳವರೆಗೆ ದಂಡ ಅಥವಾ ಇವೆರಡನ್ನೂ ವಿಧಿಸಬಹುದು. ಹಿಂದಿನ ಭಾರತೀಯ ದಂಡ ಸಂಹಿತೆಯ ಕಲಂ 289ರಲ್ಲಿ ದಂಡದ ಮಿತಿ 1,000 ರೂಪಾಯಿ ಇತ್ತು. ಗಾಯ ಆಗಿರಲೇಬೇಕೆಂಬ ಷರತ್ತು ಈ ಕಲಂನಲ್ಲಿ ಇಲ್ಲ. ಆದರೆ ನಾಯಿ ಕೇವಲ ಬೊಗಳುತ್ತದೆ ಎಂಬ ಕಾರಣಕ್ಕೆ ಈ ಕಲಂ ಅನ್ವಯಿಸದು.

ಇಲ್ಲಿ "ತಿಳಿದೂ" ಎಂಬ ಪದ ಮಹತ್ವದ್ದು. ನಾಯಿ ಮೈಮೇಲೆ ಬರುತ್ತದೆ ಎಂಬುದು ತಮಗೆ ಗೊತ್ತೇ ಇರಲಿಲ್ಲ ಎಂದು ಮಾಲೀಕರು ಹೇಳಬಹುದು. ಮೊದಲೇ ಲಿಖಿತವಾಗಿ ತಿಳಿಸಿದ್ದಲ್ಲಿ ಈ ಸಮಜಾಯಿಷಿ ನಿಲ್ಲುವುದಿಲ್ಲ. ಆದ್ದರಿಂದ ಕೆಳಕಂಡ ಕ್ರಮವನ್ನು ಅನುಸರಿಸುವುದು ಸೂಕ್ತ.

ಅ) ಮೊದಲು ನೆರೆಯವರೊಂದಿಗೆ ಸೌಹಾರ್ದದಿಂದ ಮಾತನಾಡಬೇಕು. ನಾಯಿ ಯಾವ ಹೊತ್ತಿನಲ್ಲಿ, ಎಲ್ಲಿಂದ ಹೊರಬರುತ್ತದೆ ಎಂಬುದು ಅನೇಕ ವೇಳೆ ಮಾಲೀಕರಿಗೇ ತಿಳಿದಿರುವುದಿಲ್ಲ. ಬಾಗಿಲಿಗೆ ಚಿಲಕ ಹಾಕಿಸುವುದರಿಂದ ಅಥವಾ ಕಾಂಪೌಂಡ್ ಗೋಡೆಯ ಬಿರುಕು ಮುಚ್ಚುವುದರಿಂದ ಮುಗಿಯುವ ವಿಷಯ ಠಾಣೆಯವರೆಗೆ ಹೋಗಬೇಕಾಗಿಲ್ಲ. ಓಣಿಯ ಹಿರಿಯರು ಅಥವಾ ವಾರ್ಡಿನ ಸದಸ್ಯರ ಸಮಕ್ಷಮ ಮಾತನಾಡಿದಲ್ಲಿ ಇನ್ನೂ ಒಳ್ಳೆಯದು.

ಆ) ಸುಧಾರಣೆ ಆಗದಿದ್ದಲ್ಲಿ ದಿನಾಂಕ ಸಹಿತ ಪತ್ರವನ್ನು ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ, ಪ್ರತಿ ಮತ್ತು ಅಂಚೆ ರಸೀದಿಯನ್ನು ಇಟ್ಟುಕೊಳ್ಳಬೇಕು.

ಇ) ಒಂದು ನೋಟ್‌ಬುಕ್‌ನಲ್ಲಿ ಪ್ರತಿ ಘಟನೆಯ ದಿನಾಂಕ, ಸಮಯ, ಸ್ಥಳ, ನಡೆದ ಸಂಗತಿ ಮತ್ತು ಕಂಡವರ ಹೆಸರನ್ನು ಅಂದಂದೇ ಬರೆದಿಡಬೇಕು. ಸಾಧ್ಯವಾದಲ್ಲಿ ನಾಯಿ ರಸ್ತೆಯಲ್ಲಿರುವ ಛಾಯಾಚಿತ್ರ ಅಥವಾ ಮೊಬೈಲ್ ಚಿತ್ರಣ ಇರಲಿ. "ಯಾವಾಗಲೂ ಬೆನ್ನಟ್ಟುತ್ತದೆ" ಎಂಬ ಒಂದು ವಾಕ್ಯಕ್ಕಿಂತ ದಿನಾಂಕ ಸಹಿತ 4 ಘಟನೆಗಳ ಪಟ್ಟಿಗೆ ಹೆಚ್ಚಿನ ಬೆಲೆ ಇರುತ್ತದೆ.

4. ದೂರು ಸಲ್ಲಿಸಬೇಕಾದ ಕಚೇರಿಗಳು

ಪುರಸಭೆ: ಪಟ್ಟಣದ ನಿವಾಸಿಗಳು ಗಜೇಂದ್ರಗಡ ಪುರಸಭೆಯ ಮುಖ್ಯಾಧಿಕಾರಿಗಳಿಗೆ ಲಿಖಿತ ದೂರು ಸಲ್ಲಿಸಬಹುದು. ಗ್ರಾಮಗಳಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳಿಗೆ ಸಲ್ಲಿಸಬೇಕು. ದೂರಿನ ಎರಡು ಪ್ರತಿ ತೆಗೆದುಕೊಂಡು ಹೋಗಿ, ಒಂದರ ಮೇಲೆ ಸ್ವೀಕೃತಿ ಮೊಹರು ಮತ್ತು ದಿನಾಂಕ ಪಡೆಯತಕ್ಕದ್ದು. ಉತ್ತರ ಬಾರದಿದ್ದಲ್ಲಿ, ತಮ್ಮ ದೂರಿನ ಮೇಲೆ ಏನು ಕ್ರಮ ಕೈಗೊಳ್ಳಲಾಗಿದೆ ಎಂಬುದನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಕೇಳಬಹುದು. 30 ದಿನಗಳೊಳಗೆ ಉತ್ತರ ನೀಡಬೇಕಾಗುತ್ತದೆ.

ಪೊಲೀಸ್ ಠಾಣೆ: ಅಪಾಯ ತಕ್ಷಣದ್ದಾಗಿದ್ದಲ್ಲಿ 112 ಸಂಖ್ಯೆಗೆ ಕರೆ ಮಾಡಬೇಕು. ಕಲಂ 291 ಸಂಜ್ಞೇಯ ಅಪರಾಧವಾದುದರಿಂದ ಪೊಲೀಸರು ನ್ಯಾಯಾಲಯದ ಪೂರ್ವಾನುಮತಿ ಇಲ್ಲದೆಯೇ ಪ್ರಕರಣ ದಾಖಲಿಸಿ ತನಿಖೆ ನಡೆಸಬಹುದು. ಕಚ್ಚಿ ಗಾಯವಾಗಿದ್ದಲ್ಲಿ ಸಂದರ್ಭಾನುಸಾರ ಕಲಂ 125 ಸಹ ಅನ್ವಯಿಸಬಹುದು. ತೀವ್ರ ಗಾಯವಾದಲ್ಲಿ ಅದರಡಿ 3 ವರ್ಷಗಳವರೆಗೆ ಶಿಕ್ಷೆ ಇದೆ. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯುವುದು ದೂರುದಾರರ ಹಕ್ಕು. ಠಾಣೆಯಲ್ಲಿ ದೂರು ದಾಖಲಿಸಲು ನಿರಾಕರಿಸಿದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಕಲಂ 173(4)ರಂತೆ ದೂರಿನ ಸಾರಾಂಶವನ್ನು ಗದಗ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಅಂಚೆಯ ಮೂಲಕ ಕಳುಹಿಸಬಹುದು. ಅಲ್ಲಿಯೂ ಪರಿಹಾರ ಸಿಗದಿದ್ದಲ್ಲಿ ನ್ಯಾಯಿಕ ದಂಡಾಧಿಕಾರಿಗಳಿಗೆ ಅರ್ಜಿ ಸಲ್ಲಿಸಲು ಅವಕಾಶವಿದೆ.

ಕಾರ್ಯನಿರ್ವಾಹಕ ದಂಡಾಧಿಕಾರಿ: ಒಂದು ಮನೆಗೆ ಮಾತ್ರವಲ್ಲದೆ ಇಡೀ ಓಣಿಗೆ ಅಪಾಯವಿದ್ದಲ್ಲಿ ಅದೇ ಸಂಹಿತೆಯ ಕಲಂ 152 ಉಪಯುಕ್ತ. ಇದರಂತೆ ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಸರ್ಕಾರದಿಂದ ವಿಶೇಷವಾಗಿ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಗಳು, ಅಪಾಯಕಾರಿ ಪ್ರಾಣಿಯನ್ನು ಕೂಡಿಹಾಕಲು ಅಥವಾ ಬೇರೆ ರೀತಿಯಲ್ಲಿ ವಿಲೇವಾರಿ ಮಾಡಲು, ತೀರಾ ಅನಿವಾರ್ಯ ಸಂದರ್ಭದಲ್ಲಿ ನಾಶಪಡಿಸಲು ಸಹ, ಮಾಲೀಕರಿಗೆ ಷರತ್ತುಬದ್ಧ ಆದೇಶ ನೀಡಬಹುದು. ಆಕ್ಷೇಪಣೆ ಇದ್ದಲ್ಲಿ ಮಾಲೀಕರು ಹಾಜರಾಗಿ ಕಾರಣ ತೋರಿಸಬಹುದು. ಈ ಕಲಂ ಸಾರ್ವಜನಿಕ ಉಪದ್ರವಕ್ಕೆ ಸಂಬಂಧಿಸಿದ್ದಾದ ಕಾರಣ, ಒಬ್ಬರೇ ಅರ್ಜಿ ಕೊಡುವುದಕ್ಕಿಂತ ಓಣಿಯ ಹಲವು ಕುಟುಂಬಗಳವರು ಸಹಿ ಮಾಡಿದ ಅರ್ಜಿ ಹೆಚ್ಚು ಪರಿಣಾಮಕಾರಿ.

5. ದೂರಿನಲ್ಲಿ ಇರಬೇಕಾದ ಅಂಶಗಳು

(1) ದೂರುದಾರರ ಹೆಸರು, ವಿಳಾಸ, ದೂರವಾಣಿ ಸಂಖ್ಯೆ. (2) ನಾಯಿಯ ಮಾಲೀಕರ ಹೆಸರು ಮತ್ತು ವಿಳಾಸ. (3) ನಾಯಿಯ ಬಣ್ಣ, ಗಾತ್ರ, ಗೊತ್ತಿದ್ದಲ್ಲಿ ತಳಿ. (4) ಘಟನೆಗಳ ವಿವರ, ದಿನಾಂಕವಾರು. (5) ಮಾಲೀಕರಿಗೆ ಹಿಂದೆ ತಿಳಿಸಿದ ದಿನಾಂಕ ಹಾಗೂ ಪತ್ರದ ಪ್ರತಿ. (6) ಸಾಕ್ಷಿಗಳ ಹೆಸರು. (7) ವೈದ್ಯಕೀಯ ದಾಖಲೆಗಳ ನಕಲು ಪ್ರತಿ. (8) ಕೋರುವ ಪರಿಹಾರ. "ನಾಯಿಯನ್ನು ಆವರಣದೊಳಗೇ ಇರಿಸಿಕೊಳ್ಳಲು, ಹೊರಗೆ ಕರೆದೊಯ್ಯುವಾಗ ಸರಪಳಿ ಮತ್ತು ಬಾಯಿಕುಕ್ಕೆ ಹಾಕಲು ಸೂಚಿಸಬೇಕು" ಎಂಬಂತೆ ಕೋರಿಕೆ ನಿರ್ದಿಷ್ಟವಾಗಿರಲಿ. ನಾಯಿಯ ವಿಷಯಕ್ಕೆ ಸಂಬಂಧವಿಲ್ಲದ ಜಾಗದ ತಕರಾರು, ಹಳೆಯ ಜಗಳ ಇತ್ಯಾದಿಗಳನ್ನು ಸೇರಿಸಿದಲ್ಲಿ ದೂರಿನ ಬಲ ಕುಂದುತ್ತದೆ.

6. ನಷ್ಟ ಪರಿಹಾರ

ಚಿಕಿತ್ಸೆಯ ವೆಚ್ಚ, ಕೆಲಸಕ್ಕೆ ಹೋಗಲಾಗದೆ ತಪ್ಪಿದ ಕೂಲಿ, ಸತ್ತ ಕುರಿ-ಕೋಳಿಗಳ ಬೆಲೆ ಇವುಗಳನ್ನು ನಾಯಿಯ ಮಾಲೀಕರಿಂದ ಸಿವಿಲ್ ನ್ಯಾಯಾಲಯದ ಮೂಲಕ ಕೇಳಬಹುದು. ಇದಕ್ಕಾಗಿ ಔಷಧಿ ಬಿಲ್ಲು, ಪ್ರಯಾಣದ ಚೀಟಿ ಮುಂತಾದವುಗಳನ್ನು ದಿನಾಂಕವಾರು ಜೋಡಿಸಿ, ಒಟ್ಟು ಮೊತ್ತದ ಪಟ್ಟಿ ತಯಾರಿಸಿಕೊಳ್ಳಬೇಕು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ನಿಗದಿತ ಮಿತಿಯೊಳಗಿನ ಆದಾಯ ಉಳ್ಳವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಪಡೆಯಬಹುದು. ಸಹಾಯವಾಣಿ 15100. ಉಭಯತರೂ ಒಪ್ಪಿದಲ್ಲಿ ಲೋಕ ಅದಾಲತ್‌ನಲ್ಲಿ ರಾಜಿ ಮೂಲಕ ಇತ್ಯರ್ಥಪಡಿಸಿಕೊಳ್ಳುವುದು ಕಡಿಮೆ ಖರ್ಚಿನ ದಾರಿ. ನಾಳೆಯೂ ಅದೇ ಓಣಿಯಲ್ಲಿ ಬಾಳಬೇಕಾದ ಎರಡು ಮನೆಗಳಿಗೆ ಇದು ಹಿತಕರವೂ ಹೌದು.

7. ತಳಿ ನಿಷೇಧದ ಬಗ್ಗೆ ಸ್ಪಷ್ಟೀಕರಣ

ಪಿಟ್‌ಬುಲ್, ರಾಟ್‌ವೀಲರ್ ಸೇರಿದಂತೆ 23 ತಳಿಗಳ ಸಾಕಣೆಯನ್ನು ತಡೆಯುವಂತೆ ಕೇಂದ್ರ ಸರ್ಕಾರವು 2024ರ ಮಾರ್ಚ್ 12ರಂದು ರಾಜ್ಯಗಳಿಗೆ ಸುತ್ತೋಲೆ ಹೊರಡಿಸಿತ್ತು. ಸಂಬಂಧಪಟ್ಟವರ ಅಹವಾಲು ಕೇಳದೆ ಹೊರಡಿಸಲಾಗಿದೆ ಎಂಬ ಕಾರಣದಿಂದ ಕರ್ನಾಟಕ ಉಚ್ಚ ನ್ಯಾಯಾಲಯವು 2024ರ ಏಪ್ರಿಲ್ 10ರಂದು ಅದನ್ನು ರದ್ದುಪಡಿಸಿತು. ಆದ್ದರಿಂದ ಸದರಿ ಸುತ್ತೋಲೆಯನ್ನು ಆಧರಿಸಿ "ಈ ತಳಿ ನಿಷಿದ್ಧ" ಎಂದು ದೂರು ನೀಡಿದಲ್ಲಿ ಪ್ರಯೋಜನವಾಗದು. ದೂರು ನಾಯಿಯ ತಳಿಯ ಮೇಲಲ್ಲ, ಅದರ ವರ್ತನೆ ಮತ್ತು ಮಾಲೀಕರ ನಿರ್ಲಕ್ಷ್ಯದ ಮೇಲೆ ನಿಲ್ಲಬೇಕು. ಊರಿನ ನಾಟಿ ನಾಯಿಗೂ ಕಾನೂನು ಒಂದೇ.

8. ಮಾಡಬಾರದ ಕೆಲಸಗಳು

ಸಿಟ್ಟಿನ ಭರದಲ್ಲಿ ನಾಯಿಗೆ ವಿಷ ಹಾಕುವುದು, ಬಡಿದು ಕೊಲ್ಲುವುದು ಅಥವಾ ಅಂಗಹೀನ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 325ರ ಅಡಿ 5 ವರ್ಷಗಳವರೆಗೆ ಶಿಕ್ಷೆಗೆ ಗುರಿಮಾಡಬಹುದಾದ ಅಪರಾಧ. ಕಲಂ 291ರ ಶಿಕ್ಷೆಯಾದರೋ 6 ತಿಂಗಳವರೆಗಿನದು. ನ್ಯಾಯ ಕೇಳಲು ಹೊರಟ ದೂರುದಾರರೇ ನೆರೆಯವರಿಗಿಂತ ದೊಡ್ಡ ಆರೋಪಕ್ಕೆ ಸಿಲುಕುವ ಪ್ರಸಂಗ ಇದರಿಂದ ಬರುತ್ತದೆ. ಓಣಿಯಲ್ಲಿ ಇಟ್ಟ ವಿಷವನ್ನು ಮಕ್ಕಳೋ ದನಕರುಗಳೋ ತಿನ್ನುವ ಅಪಾಯವೂ ಇದೆ.

ನಾಯಿ ಎದುರಾದಾಗ ಓಡಬಾರದು. ಓಡುವುದನ್ನು ಬೆನ್ನಟ್ಟುವುದು ಅದರ ಸಹಜ ಗುಣ. ಕಣ್ಣಿಗೆ ಕಣ್ಣಿಟ್ಟು ನೋಡದೆ ನಿಶ್ಚಲವಾಗಿ ನಿಂತು, ಚೀಲ ಅಥವಾ ಕೊಡೆಯನ್ನು ಮುಂದೆ ಹಿಡಿದು ನಿಧಾನವಾಗಿ ಹಿಂದೆ ಸರಿಯಬೇಕು. ಬಿದ್ದಲ್ಲಿ ಮುದುಡಿಕೊಂಡು ಕುತ್ತಿಗೆ ಮತ್ತು ಮುಖವನ್ನು ಕೈಗಳಿಂದ ಮುಚ್ಚಿಕೊಳ್ಳಬೇಕು. ಮಕ್ಕಳಿಗೆ ಇದನ್ನು ಮನೆಯಲ್ಲಿ ಮಾಡಿ ತೋರಿಸುವುದು ಒಳಿತು.

9. ನಾಯಿ ಸಾಕಿದವರ ಗಮನಕ್ಕೆ

ದಿನವಿಡೀ ಗಿಡ್ಡ ಸರಪಳಿಯಲ್ಲಿ ಕಟ್ಟಿದ ನಾಯಿ ಬಿಟ್ಟೊಡನೆ ಹೆಚ್ಚು ಉದ್ರೇಕಗೊಳ್ಳುತ್ತದೆ. ಹಾಗೆ ಕಟ್ಟಿಯೇ ಇಡುವುದು ಪ್ರಾಣಿ ಹಿಂಸೆ ತಡೆ ಅಧಿನಿಯಮ, 1960ರ ಕಲಂ 11ರಂತೆ ಅಪರಾಧವೂ ಆಗಿದೆ. ನೆರೆಯ ಬಾಗಲಕೋಟೆ ಜಿಲ್ಲೆಯ ಹೆಸರಾಂತ ಮುಧೋಳ ನಾಯಿ ಓಡುವ ಬೇಟೆಯನ್ನು ಕಣ್ಣಿನಿಂದ ಗುರುತಿಸಿ ಬೆನ್ನಟ್ಟುವ ತಳಿ. ಇಂತಹ ನಾಯಿಗೆ ದಿನವೂ ಸಾಕಷ್ಟು ಓಟ ಇಲ್ಲದಿದ್ದಲ್ಲಿ ಓಣಿಯ ಸೈಕಲ್ಲು, ಆಡು, ಓಡುವ ಮಗು ಎಲ್ಲವೂ ಅದಕ್ಕೆ ಬೇಟೆಯಾಗಿ ಕಾಣಬಹುದು. ಆವರಣದ ಗೋಡೆ ಎತ್ತರವಿರಲಿ. ಬಾಗಿಲು ತಾನಾಗಿ ಮುಚ್ಚುವಂತಿರಲಿ. "ನಾಯಿ ಇದೆ, ಎಚ್ಚರಿಕೆ" ಎಂಬ ಫಲಕವಿರಲಿ. ಫಲಕ ಹಾಕಿದ ಮಾತ್ರಕ್ಕೆ ಬೀದಿಗೆ ಬಂದ ನಾಯಿಯ ಹೊಣೆ ತಪ್ಪುವುದಿಲ್ಲ. ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ಹಾಕಿಸಿ ಚೀಟಿ ಇಟ್ಟುಕೊಳ್ಳಬೇಕು. ಪ್ರತಿ ವರ್ಷ ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸುಮಾರಿಗೆ ನಡೆಯುವ ಲಸಿಕಾ ಶಿಬಿರಗಳ ಬಗ್ಗೆ ಸಮೀಪದ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಸಾರಾಂಶ

ಕಚ್ಚಿದಲ್ಲಿ ಮೊದಲು ಸಾಬೂನು ನೀರು, ನಂತರ ಆಸ್ಪತ್ರೆ, ಆಮೇಲೆ ದೂರು. ಕಚ್ಚದಿದ್ದಲ್ಲಿ ಮೊದಲು ಮಾತು, ನಂತರ ಪತ್ರ, ಆಮೇಲೆ ಕಚೇರಿ. ಪ್ರತಿ ಹಂತದಲ್ಲಿಯೂ ದಿನಾಂಕ ಸಹಿತ ದಾಖಲೆ ಮತ್ತು ಸ್ವೀಕೃತಿ ಪಡೆದುಕೊಳ್ಳುವಂತೆ ಸಾರ್ವಜನಿಕರನ್ನು ಕೋರಲಾಗಿದೆ.