ಕೆಟ್ಟು ಕುಳಿತ ಹಳೆಯ ಕ್ಯಾಮೆರಾ

ಹತ್ತು ಹದಿನೈದು ವರ್ಷಗಳ ಹಿಂದೆ ಅಕ್ಕರೆಯಿಂದ ಕೊಂಡ ಡಿಜಿಟಲ್ ಕ್ಯಾಮೆರಾಗಳು ಇಂದು ಅನೇಕ ಗೃಹಸ್ಥರ ಮನೆಗಳಲ್ಲಿ ಟ್ರಂಕಿನ ತಳವನ್ನು ಸೇರಿರುವುವು. ಮೊಬೈಲು ಬಂದ ಮೇಲೆ ಅವುಗಳನ್ನು ಕೇಳುವವರಿಲ್ಲ. ಆದರೆ ಮನೆಯ ಹಿರಿಯರೊಬ್ಬರು ತೀರಿಕೊಂಡಾಗ, ಅವರ ಒಳ್ಳೆಯ ಭಾವಚಿತ್ರವು ಅದರಲ್ಲಿಯೇ ಉಳಿದಿರುವುದು ನೆನಪಿಗೆ ಬರುವುದು. ಗುಂಡಿಯನ್ನೊತ್ತಿದರೆ ಯಂತ್ರವು ಮಿಸುಕದು. ಆಳಂದ ತಾಲೂಕಿನ ಮಾದನಹಿಪ್ಪರಗಾದಂತಹ ಊರಿನವರು ಇದಕ್ಕಾಗಿ ಕಲಬುರಗಿಗೋ ಸೊಲ್ಲಾಪುರಕ್ಕೋ ಹೊರಡುವ ಮೊದಲು, ಮನೆಯಲ್ಲಿಯೇ ಮಾಡಿ ನೋಡತಕ್ಕ ಕೆಲವು ಪರೀಕ್ಷೆಗಳನ್ನು ಇಲ್ಲಿ ಕ್ರಮವಾಗಿ ವಿವರಿಸುವೆವು.

ಮೊದಲು ತಿಳಿಯತಕ್ಕದ್ದೇನೆಂದರೆ, ಚಿತ್ರಗಳು ಬೇರೆ, ಯಂತ್ರವು ಬೇರೆ. ಕ್ಯಾಮೆರಾ ಸತ್ತರೂ ಚಿತ್ರಗಳು ಕಾರ್ಡಿನಲ್ಲಿ ಬದುಕಿರಬಹುದು. ಆದುದರಿಂದ ಕಾರ್ಡನ್ನು ಹೊರತೆಗೆದು, ಕಾರ್ಡ್ ರೀಡರಿನ ಮೂಲಕ ಗಣಕಯಂತ್ರಕ್ಕೆ ಸೇರಿಸಿ, ಚಿತ್ರಗಳ ಪ್ರತಿಯನ್ನು ಮೊದಲು ತೆಗೆದುಕೊಳ್ಳಬೇಕು. ಮಿಕ್ಕ ಚಿಕಿತ್ಸೆಯೆಲ್ಲವೂ ಆಮೇಲೆ.

ಇನ್ನು ಬ್ಯಾಟರಿಯ ವಿಚಾರ. ಪೆನ್ಸಿಲ್ ಸೆಲ್ಲಿನಿಂದ ನಡೆಯುವ ಕ್ಯಾಮೆರಾಕ್ಕೆ ಗಡಿಯಾರದ ಸಾಮಾನ್ಯ ಸೆಲ್ಲು ಸಾಲದು. ಲೆನ್ಸು ಹೊರಬರುವಷ್ಟರಲ್ಲಿಯೇ ಅದರ ಬಲವು ಕುಗ್ಗುವುದು. ಮರಳಿ ಚಾರ್ಜು ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲಿನ ಒತ್ತಡವು 1.2 ವೋಲ್ಟ್ ಮಾತ್ರವಾದರೂ, ಅದು ಹೆಚ್ಚು ವಿದ್ಯುತ್ತನ್ನು ಒಮ್ಮೆಲೆ ಕೊಡಬಲ್ಲುದು. ವರ್ಷಗಟ್ಟಲೆ ಒಳಗೇ ಉಳಿದ ಆಲ್ಕಲೈನ್ ಸೆಲ್ಲು ಸೋರಿ, ತಗಡುಗಳ ಮೇಲೆ ಬಿಳಿಯ ಪುಡಿ ಕಟ್ಟಿದ್ದರೆ, ಹತ್ತಿ ಸುತ್ತಿದ ಕಡ್ಡಿಯ ತುದಿಗೆ ನಿಂಬೆರಸವನ್ನು ತುಸುವೇ ಹಚ್ಚಿ ಒರೆಸಿ, ಚೆನ್ನಾಗಿ ಒಣಗಿಸತಕ್ಕದ್ದು. ಆ ಪುಡಿಯು ಚರ್ಮವನ್ನು ಸುಡುವ ಕ್ಷಾರವಾದುದರಿಂದ ಬರಿಗೈಯಿಂದ ಮುಟ್ಟಲಾಗದು. ಲಿಥಿಯಂ ಬ್ಯಾಟರಿಯು ಉಬ್ಬಿದ್ದರೆ ಅದನ್ನು ಚಾರ್ಜು ಮಾಡಲೇಬಾರದು. ಬ್ಯಾಟರಿಯ ಬಾಗಿಲನ್ನೂ ನೋಡಬೇಕು. ಎಷ್ಟೋ ಕ್ಯಾಮೆರಾಗಳಲ್ಲಿ ಅದರ ಚಿಕ್ಕ ಮೂತಿಯು ಒಳಗಿನ ಗುಂಡಿಯನ್ನೊತ್ತಿದ ಹೊರತು ಯಂತ್ರವು ಏಳದು.

ಯಂತ್ರವು ಎದ್ದು ಕಾರ್ಡನ್ನು ಒಲ್ಲೆನೆಂದರೆ, ಕಾರ್ಡಿನ ಪಕ್ಕದ ಬೀಗದ ಗುಬುಟು ಕೆಳಗೆ ಸರಿದಿದೆಯೇ ಎಂದು ನೋಡತಕ್ಕದ್ದು. ಹಳೆಯ ಎಸ್‌ಡಿ ಕಾರ್ಡಿನ ಮಿತಿಯು 2 ಗಿಗಾಬೈಟ್. 32 ಗಿಗಾಬೈಟಿನವರೆಗಿನ ಎಸ್‌ಡಿಎಚ್‌ಸಿ ಕಾರ್ಡು ಬಂದುದು 2006ರಲ್ಲಿ. ಅದಕ್ಕಿಂತ ಮುಂಚಿನ ಕ್ಯಾಮೆರಾ ಅದನ್ನು ಗುರುತಿಸದಿದ್ದರೆ ದೋಷವು ಯಾರದೂ ಅಲ್ಲ.

ಲೆನ್ಸು ಅರ್ಧಕ್ಕೇ ನಿಂತರೆ, ತೊಗರಿಯ ರಾಶಿ ಮಾಡುವಾಗ ಏಳುವಂತಹ ನುಣ್ಣನೆಯ ಧೂಳು ಅದರ ಸಂದಿಯಲ್ಲಿ ಸೇರಿರಬಹುದು. ಬ್ಯಾಟರಿಯನ್ನು ತೆಗೆದು, ಲೆನ್ಸನ್ನು ಕೆಳಮುಖವಾಗಿ ಹಿಡಿದು, ಮೆತ್ತನೆಯ ಕುಂಚದಿಂದ ಝಾಡಿಸಬೇಕು. ಕೈಯಿಂದ ಎಳೆದರೆ ಹಲ್ಲಿನ ಗಾಲಿಗಳು ಮುರಿಯುವುವು.

ಹಳೆಯ ಚಿತ್ರಗಳು ಸರಿಯಾಗಿ ಕಾಣುತ್ತ, ಹೊಸವು ಮಾತ್ರ ಕಪ್ಪಾಗಿಯೋ ಗೆರೆಗೆರೆಯಾಗಿಯೋ ಬರುತ್ತಿದ್ದರೆ, ಬೆಳಕನ್ನು ಗ್ರಹಿಸುವ ಸಿಸಿಡಿಯನ್ನು ಶಂಕಿಸಬೇಕು. ಸೋನಿ ಕಂಪನಿಯು ತಯಾರಿಸಿದ ಕೆಲವು ಸಿಸಿಡಿಗಳಲ್ಲಿ ಶಾಖ ಮತ್ತು ತೇವಗಳಿಂದ ಒಳಗಿನ ತಂತಿಯ ಬೆಸುಗೆ ಬಿಡುವುದೆಂದು 2005ರಲ್ಲಿ ತಿಳಿದುಬಂದು, ಕ್ಯಾನನ್, ನಿಕಾನ್ ಮೊದಲಾದ ಕಂಪನಿಗಳು ಹಲವು ಮಾದರಿಗಳನ್ನು ಪುಕ್ಕಟೆಯಾಗಿ ರಿಪೇರಿ ಮಾಡಿಕೊಡಲು ಮುಂದಾದುವು. ಇಪ್ಪತ್ತು ವರ್ಷಗಳು ಕಳೆದ ಇಂದು ಆ ನೆರವನ್ನು ನಂಬುವಂತಿಲ್ಲ; ಅಂತಹ ಯಂತ್ರಕ್ಕೆ ಹಣ ಸುರಿಯದಿರುವುದೇ ಲೇಸು.

ಯಾವ ಕಾರಣಕ್ಕೂ ತಿರುಪು ಬಿಚ್ಚಿ ಒಳಗೆ ಕೈ ಹಾಕಬಾರದು. ಫ್ಲಾಶಿನ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟಿನ ವಿದ್ಯುತ್ತು ಸೇರಿರುವುದು. ಬ್ಯಾಟರಿಯನ್ನು ತೆಗೆದ ಮೇಲೂ ಅದು ಕೆಲಕಾಲ ಉಳಿಯುವುದು. ಮಕ್ಕಳ ಕೈಗೆ ಬಿಚ್ಚಲು ಕೊಡುವುದಂತೂ ಸಲ್ಲದು.

ಚಿತ್ರಗಳು ಕೈತಪ್ಪಿ ಅಳಿಸಿಹೋಗಿದ್ದರೆ ಧೈರ್ಯಗೆಡಬೇಕಾಗಿಲ್ಲ. ಅಳಿಸಿದಾಗ ಸಾಮಾನ್ಯವಾಗಿ ಹೋಗುವುದು ವಿಷಯಸೂಚಿಯೇ ಹೊರತು ಪುಟಗಳಲ್ಲ. ಆ ಕಾರ್ಡಿನಲ್ಲಿ ಹೊಸದೊಂದು ಚಿತ್ರವನ್ನೂ ತೆಗೆಯದೆ, ಪುಕ್ಕಟೆಯಾಗಿ ದೊರೆಯುವ ಫೋಟೋರೆಕ್‌ನಂತಹ ತಂತ್ರಾಂಶದಿಂದ ಹುಡುಕಿಸಿದರೆ ಎಷ್ಟೋ ಚಿತ್ರಗಳು ಮರಳಿ ದೊರಕಬಹುದು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತಾಗಬಾರದು. ಇಂದೇ ಸೆಲ್ಲುಗಳನ್ನು ಹೊರತೆಗೆದಿಡಿರಿ. ಚಿತ್ರಗಳ ಪ್ರತಿಗಳನ್ನು ಎರಡು ಕಡೆ ಇರಿಸಿರಿ. ಮುಖ್ಯವಾದ ನಾಲ್ಕಾರನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಹಿಂಬದಿಗೆ ಹೆಸರು, ಊರು, ವರ್ಷಗಳನ್ನು ಬರೆದಿಡಿರಿ. ಮೊಮ್ಮಕ್ಕಳು ಅದನ್ನು ನೋಡಿ, ಇವರಾರೆಂದು ಕೇಳುವ ದಿನ ಬಂದೇ ಬರುವುದು.