ಹಿತ್ತಾಳೆ ನುಡಿಯುವ ಸಾಕ್ಷ್ಯ

ಗುಂಡು ಹಾರಿದ ಬಳಿಕ ರೈಫಲ್ಲಿನಿಂದ ಹೊರಬೀಳುವ ತೋಟಾದ ಬರಿಯ ಕವಚವನ್ನು ಕಸವೆಂದು ಭಾವಿಸುವವರೇ ಹೆಚ್ಚು. ಬಲ್ಲವರು ಮಾತ್ರ ಅದನ್ನು ಎತ್ತಿ ಬೆಳಕಿಗೆ ಹಿಡಿದು, ವೈದ್ಯನು ರೋಗಿಯ ನಾಲಗೆಯನ್ನು ನೋಡುವಂತೆ ಪರೀಕ್ಷಿಸುತ್ತಾರೆ. ರೈಫಲ್ಲಿನ ಒಡಲಿನಲ್ಲಿ ಎವೆಯಿಕ್ಕುವುದರೊಳಗೆ ನಡೆದುಹೋದ ಸ್ಫೋಟದ ಕಥೆ ಆ ಹಿತ್ತಾಳೆಯ ಮೇಲೆ ಬರೆದಿರುತ್ತದೆ.

ಬಳಸಿದ ಕವಚಕ್ಕೆ ಹೊಸದಾಗಿ ಪ್ರೈಮರ್, ಮದ್ದು, ಗುಂಡುಗಳನ್ನು ಸೇರಿಸಿ ಮತ್ತೆ ತೋಟಾ ಸಿದ್ಧಗೊಳಿಸುವ ಪದ್ಧತಿ ಪಾಶ್ಚಾತ್ಯ ದೇಶಗಳ ಗುರಿಕಾರರಲ್ಲಿ ಬಹು ಹಿಂದಿನಿಂದ ಬಂದಿದೆ. ನಮ್ಮಲ್ಲಿ 1959ರ ಆಯುಧ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಮದ್ದಿನ ಅಳತೆ ತುಸು ತಪ್ಪಿದರೂ ಕಣ್ಣಿಗೆ, ಕೈಗೆ ಅಪಾಯ ತಪ್ಪಿದ್ದಲ್ಲ.

ಸುಮಾರು 70 ಪಾಲು ತಾಮ್ರ, 30 ಪಾಲು ಸತುವು ಸೇರಿದ ಹಿತ್ತಾಳೆಯಿಂದ ಈ ಕವಚ ತಯಾರಾಗುತ್ತದೆ. ಮೋಟಾರು ಕಾರಿನ ಚಕ್ರದಲ್ಲಿರುವ ಒತ್ತಡ ಚದರ ಅಂಗುಲಕ್ಕೆ ಸುಮಾರು 30 ಪೌಂಡು. ಪ್ರಸಿದ್ಧವಾದ .30-06 ತೋಟಾಕ್ಕೆ ನಿಗದಿಯಾದ ಗರಿಷ್ಠ ಒತ್ತಡ 60,000 ಪೌಂಡು; ಎಂದರೆ ಎರಡು ಸಾವಿರ ಪಟ್ಟು! ಗುಂಡು ಹಾರುವಾಗ ಹಿತ್ತಾಳೆ ಹಿಗ್ಗಿ, ತಾನಿರುವ ಉಕ್ಕಿನ ಗೂಡಿನ ಗೋಡೆಗೆ ಅಂಟಿಕೊಂಡು, ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಮರುಕ್ಷಣವೇ ತುಸು ಕುಗ್ಗಿ ಸಲೀಸಾಗಿ ಹೊರಬರುತ್ತದೆ. ಒತ್ತಡ ಮಿತಿಮೀರಿದರೆ ಅದು ಮೊದಲಿನಂತೆ ಕುಗ್ಗಲಾರದು.

ಆದುದರಿಂದ ಮೊದಲನೆಯ ಎಚ್ಚರಿಕೆ ಕೈಗೇ ತಿಳಿಯುತ್ತದೆ: ಬೋಲ್ಟಿನ ಹಿಡಿಕೆ ಬಿಗಿಯಾಗಿ, ಎತ್ತಲು ಬಲ ಬೇಕಾಗುತ್ತದೆ. ಎರಡನೆಯದು ಕವಚದ ತಳದ ನಡುವಿರುವ ಪ್ರೈಮರ್ ಎಂಬ ಪುಟ್ಟ ಬಟ್ಟಲಿನಲ್ಲಿ ಕಾಣುವುದು. ಅದರ ದುಂಡನೆಯ ಅಂಚು ಚಪ್ಪಟೆಯಾಗಿ ಕುಳಿಯ ತುಂಬ ಹರಡಿರುತ್ತದೆ. ಸೂಜಿ ಬಡಿದ ತಗ್ಗಿನ ಸುತ್ತ ಏರಿ ಕಟ್ಟಿರುತ್ತದೆ. ಪ್ರೈಮರ್ ತೂತಾದರೆ ಕುದಿಯುವ ಅನಿಲ ಗುರಿಕಾರನ ಮುಖದತ್ತ ನುಗ್ಗೀತು. ಮೂರನೆಯದು, ಕವಚವನ್ನು ಹೊರದೂಡುವ ಉಕ್ಕಿನ ತುಣುಕಿನ ಅಚ್ಚು ತಳದ ಮೇಲೆ ಹೊಳೆಯುವ ಕಲೆಯಾಗಿ ಮೂಡುವುದು. ಇನ್ನು ಹೊಸ ಪ್ರೈಮರ್ ತನ್ನ ಕುಳಿಯಲ್ಲಿ ಸಡಿಲವಾಗಿ ಕೂರುವಂತಾದರೆ ಆ ಕವಚದ ಆಯುಸ್ಸು ಮುಗಿಯಿತೆಂದೇ ತಿಳಿಯಬೇಕು.

ಆದರೆ ಎಲ್ಲ ಗುರುತುಗಳೂ ಅತಿ ಒತ್ತಡದವಲ್ಲ. ಪ್ರೈಮರಿನ ಲೋಹ ಮೆದುವಾಗಿದ್ದರೂ ಅದು ಚಪ್ಪಟೆಯಾಗಬಹುದು. ತಳದಿಂದ ತುಸು ಮೇಲೆ ಕಾಣುವ ಹೊಳೆಯುವ ಉಂಗುರ, ಕವಚ ಪದೇಪದೇ ಹಿಗ್ಗಿ ತೆಳುವಾದುದರ ಫಲ. ಕತ್ತಿನ ಬಿರುಕಿಗಂತೂ ನಮ್ಮ ದೇಶದಲ್ಲಿಯೇ ನಡೆದ ಸ್ವಾರಸ್ಯವಾದ ನಿದರ್ಶನವಿದೆ. 19ನೆಯ ಶತಮಾನದಲ್ಲಿ ಬ್ರಿಟಿಷ್ ಸೇನೆ ಇಲ್ಲಿ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇರಿಸಿದ್ದ ತೋಟಾಗಳು ಹಾರಿಸುವ ಮುನ್ನವೇ ತಾವಾಗಿ ಬಿರಿದವು. ಕುದುರೆಯ ಮೂತ್ರದಿಂದ ಏಳುವ ಅಮೋನಿಯ ತೇವದೊಡನೆ ಸೇರಿ, ತಯಾರಿಕೆಯ ಕಾಲದಲ್ಲಿ ಲೋಹದೊಳಗೆ ಉಳಿದ ಬಿಗುವನ್ನು ಬಿರುಕಾಗಿಸಿತ್ತು. ಇದರ ಮರ್ಮ ಬಯಲಾದುದು 1921ರಲ್ಲಿ. ಹದವಾಗಿ ಕಾಯಿಸಿ ಬಿಗುವನ್ನು ಕಳೆಯುವುದೇ ಪರಿಹಾರವಾಯಿತು.

ಬಿಸಿಲಿನ ಪಾತ್ರವೂ ಕಡಮೆಯದಲ್ಲ. ಮದ್ದು ಬಿಸಿಯಾದಷ್ಟೂ ಒತ್ತಡ ಏರುತ್ತದೆ. ಸಂಡೂರು ತಾಲೂಕಿನ ಚೋರನೂರಿನಂಥ ಊರಿನಲ್ಲಿ ಮಾಗಿಯ ಮುಂಜಾವಿನಲ್ಲಿ ಯಾವ ದೋಷವನ್ನೂ ತೋರದ ತೋಟಾ, ಬೇಸಗೆಯಲ್ಲಿ 40 ಡಿಗ್ರಿ ಸೆಂಟಿಗ್ರೇಡಿನ ಬಿಸಿಲಿಗೆ ಕಾದ ಬಂಡೆಯ ಮೇಲೆ ಕೆಲಹೊತ್ತು ಬಿದ್ದಿದ್ದರೆ ಬೋಲ್ಟನ್ನು ಕಚ್ಚಿ ಹಿಡಿಯಬಹುದು. ಹಿಂದಿನ ಕಾರ್ಡೈಟ್ ಮದ್ದಿಗೆ ಈ ಗುಣ ವಿಶೇಷವಾಗಿತ್ತು. ಮೇಲೆರಗುವ ಹುಲಿಯ ಮುಂದೆ ಕವಚ ಸಿಕ್ಕಿಕೊಂಡರೆ ಬೇಟೆಗಾರನ ಗತಿಯೇನು? ಅದಕ್ಕೆಂದೇ ಲಂಡನ್ನಿನ ತಯಾರಕರು ಉಷ್ಣದೇಶಗಳಿಗಾಗಿ ವಿಶಾಲವಾದ ಕವಚ ರಚಿಸಿ ಒತ್ತಡವನ್ನು ತಗ್ಗಿಸಿದರು. ರಿಗ್ಬಿ ಕಂಪನಿ 1911ರಲ್ಲಿ ಹೊರತಂದ .416 ತೋಟಾ ಅಂಥದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಡನೆ ಆ ಬೇಟೆಯ ಯುಗ ಮುಗಿಯಿತು. ಆದರೆ ಗುರಿ ಪಂದ್ಯಗಳು ಉಳಿದಿವೆ, ಬಿಸಿಲೂ ಉಳಿದಿದೆ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಅಡುಗೆಮನೆಯ ಕುಕ್ಕರು ಅಪಾಯಕ್ಕೆ ಮುನ್ನವೇ ಸೀಟಿ ಹಾಕುತ್ತದೆ. ಹಿತ್ತಾಳೆ ನುಡಿಯುವುದು ಗುಂಡು ಹಾರಿದ ಮೇಲೆ. ಅಷ್ಟೇ ಅಲ್ಲ, ರೈಫಲ್ಲಿನ ಶಕ್ತಿಯೆಷ್ಟೆಂಬುದು ಹಿತ್ತಾಳೆಗೆ ತಿಳಿಯದು. ಹಳೆಯ .30-30 ತೋಟಾದ ಮಿತಿ 42,000 ಪೌಂಡು. ಅದನ್ನು ಸಾಕಷ್ಟು ಮೀರಿದರೂ ಪ್ರೈಮರ್ ದುಂಡಗೇ ಇದ್ದು ‘ಕ್ಷೇಮ’ವೆಂದು ಸುಳ್ಳು ಹೇಳಬಹುದು. ನಿಜವಾದ ಅಳತೆ ಪ್ರಯೋಗಶಾಲೆಯ ಉಪಕರಣಗಳಿಗೆ ಮಾತ್ರ ಸಾಧ್ಯ. ಆದಕಾರಣ ಪರೀಕ್ಷಿತ ಕೋಷ್ಟಕಗಳ ಕನಿಷ್ಠ ಅಳತೆಯಿಂದಲೇ ಆರಂಭಿಸುವುದು, ಕಣ್ಣಿಗೆ ರಕ್ಷಕ ಕನ್ನಡಕ ಧರಿಸುವುದು, ಮೊದಲ ಗುರುತು ಕಂಡೊಡನೆ ನಿಲ್ಲಿಸುವುದು ಅನುಭವಿಗಳ ನಿಯಮ. ಗುರುತು ಕಂಡರೆ ಅಪಾಯ ನಿಶ್ಚಯ. ಕಾಣದಿದ್ದರೆ ಕ್ಷೇಮವೆಂದು ನಂಬಲಾಗದು.