ಕಾಗದದ ಮೇಲೊಂದು ವಿಚಿತ್ರ ಗೀಚು

ನಾನು ಬಿ.ಕಾಂ. ಓದಿದವನು. ಲೆಕ್ಕದಲ್ಲಿ ಹತ್ತು ರೂಪಾಯಿ ಟ್ಯಾಲಿ ಆಗದಿದ್ರೂ ನಿದ್ದೆ ಬರಲ್ಲ. ಅದಕ್ಕೇ ಜೋಸೆಲಿನ್ ಬೆಲ್ ಅವರ ಕಥೆ ನಂಗಿಷ್ಟ.

1967, ಕೇಂಬ್ರಿಡ್ಜ್. ಅವರ ರೇಡಿಯೋ ಟೆಲಿಸ್ಕೋಪ್ ದಿನಕ್ಕೆ ಸುಮಾರು 30 ಮೀಟರ್ ಕಾಗದದ ಮೇಲೆ ಗೆರೆ ಎಳೀತಿತ್ತು. ಅಷ್ಟನ್ನೂ ಕಣ್ಣಲ್ಲೇ ಪರಿಶೀಲಿಸ್ತಿದ್ದ ಈ ಪಿಎಚ್‌ಡಿ ವಿದ್ಯಾರ್ಥಿನಿಗೆ ಅರ್ಧ ಸೆಂಟಿಮೀಟರಿನ ಒಂದು ಗೀಚು ಕಂಡಿತು. ಬಿಡಲಿಲ್ಲ ನೋಡಿ! ಬಿಡಿಸಿ ನೋಡಿದ್ರೆ 1.3 ಸೆಕೆಂಡಿಗೊಂದು ಮಿಡಿತ, ಗಡಿಯಾರದ ಥರ. ತಮಾಷೆಗೆ ‘ಪುಟ್ಟ ಹಸಿರು ಮನುಷ್ಯರು’ ಅಂತ ಹೆಸರೂ ಇಟ್ಟರು.

ಏಲಿಯನ್ ಅಲ್ಲ, ಪಲ್ಸಾರ್. ಅಂದ್ರೆ ಸತ್ತ ನಕ್ಷತ್ರದ ಗಿರಗಿರ ತಿರುಗೋ ತಿರುಳು. ಅಗಲ ಸುಮಾರು 20 ಕಿ.ಮೀ., ತೂಕ ಮಾತ್ರ ಸೂರ್ಯನಿಗಿಂತ ಜಾಸ್ತಿ! ಅದರ ರೇಡಿಯೋ ಕಿರಣ ಲೈಟ್‌ಹೌಸ್ ಬೆಳಕಿನಂತೆ ಸುತ್ತುತ್ತಾ ನಮ್ಮ ಕಡೆ ಹಾದಾಗೆಲ್ಲ ಒಂದು ಮಿಡಿತ.

1974ರ ನೊಬೆಲ್ ಸಿಕ್ಕಿದ್ದು ಅವರ ಗೈಡ್ ಆಂಟನಿ ಹ್ಯೂವಿಶ್‌ಗೆ. ಬೆಲ್ ಹೆಸರೇ ಇಲ್ಲ. ನಂಗಂತೂ ಇದು ಇನ್ನೂ ಟ್ಯಾಲಿ ಆಗಿಲ್ಲ. 2018ರಲ್ಲಿ 30 ಲಕ್ಷ ಡಾಲರ್ ಬಹುಮಾನ ಬಂತು. ಅವರು ಅಷ್ಟನ್ನೂ ಅವಕಾಶ ಕಡಿಮೆ ಇರೋ ಭೌತವಿಜ್ಞಾನ ವಿದ್ಯಾರ್ಥಿಗಳಿಗೆ ಕೊಟ್ಟುಬಿಟ್ಟರು.